ತೋಟದ ಮನೆಗೆ, ಹೊಳೆಯಾಚೆಗೆ ವೈರ್‌ಲೆಸ್ ಲಿಂಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ ಪೇಟೆಯಲ್ಲಿ ಫೈಬರ್ ಇದೆ. ಅಲ್ಲಿಂದ ನಾಲ್ಕು ಕಿಲೋಮೀಟರ್ ಒಳಗೆ ಹೋದರೆ ಮೊಬೈಲ್ ಹಿಡಿದುಕೊಂಡು ಅಂಗಳದ ಮೂಲೆ ಮೂಲೆ ಸುತ್ತಬೇಕು. 2020ರ ಲಾಕ್‌ಡೌನ್ ಹೊತ್ತಿಗೆ ಮಕ್ಕಳು ಗುಡ್ಡದ ಮೇಲೆ ಚಪ್ಪರ ಹಾಕಿಕೊಂಡು ಕ್ಲಾಸ್ ಕೇಳಿದ್ದು ನೆನಪಿದೆ ಅಲ್ವಾ? ಆಗಿನಿಂದ ನಾನು ಘಟ್ಟದ ಮೇಲೂ ಕೆಳಗೂ, ಇಂಟರ್ನೆಟ್ ಇರುವ ಕಡೆಯಿಂದ ಇಲ್ಲದ ಕಡೆಗೆ ಅದನ್ನು ರೇಡಿಯೊ ಮೂಲಕ ದಾಟಿಸುವ ಲಿಂಕ್ ಕಟ್ಟುತ್ತಾ ಬಂದಿದ್ದೇನೆ. ಫೋನ್ ಮಾಡಿದವರೆಲ್ಲ ಮೊದಲು ಕೇಳುವುದು ಸ್ಪೀಡ್ ಎಷ್ಟು ಬರುತ್ತದೆ ಅಂತ. ನೀರು, ಸಿಡಿಲು, ಎಲೆ, ಏಣಿ, ಇವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಲಿಂಕ್ ಕೆಡಿಸುವುದು ಈ ನಾಲ್ಕೇ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಅವಕ್ಕೇ ಜಾಗ ಜಾಸ್ತಿ.

ಈ ರೇಡಿಯೊ ಅಂದರೆ ಏನು? ನಮ್ಮ ಮನೆಯ ವೈಫೈ ರೂಟರ್ ಸಾಲುವುದಿಲ್ಲವಾ?

ರೂಟರ್ ಸುತ್ತಲೂ ಬೆಳಕು ಚೆಲ್ಲುವ ಬಲ್ಬ್ ಇದ್ದ ಹಾಗೆ. ಹೊರಗೆ ಕಟ್ಟುವ ಡೇಟಾ ರೇಡಿಯೊ ಬ್ಯಾಟರಿ ಲೈಟ್ ಇದ್ದ ಹಾಗೆ, ಶಕ್ತಿಯನ್ನೆಲ್ಲ ಒಂದೇ ದಿಕ್ಕಿಗೆ ಬಿಡುತ್ತದೆ. ಇಂಟರ್ನೆಟ್ ಇರುವ ಕಡೆ ಒಂದು, ಬೇಕಾದ ಕಡೆ ಒಂದು, ಹೀಗೆ ಎರಡು ಬೇಕು. ಎರಡೂ ಒಂದರ ಮುಖ ಒಂದು ನೋಡಬೇಕು. ಹೆಚ್ಚಿನವು 5 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಈ ಪುಟದಲ್ಲಿ ಹೇಳುವುದೆಲ್ಲ ಬಹುಪಾಲು ಅವುಗಳ ಬಗ್ಗೆ.

ನಮ್ಮಲ್ಲಿಗೆ ಆಗುತ್ತದೋ ಇಲ್ಲವೋ ಅಂತ ದುಡ್ಡು ಹಾಕುವ ಮುಂಚೆ ಹೇಗೆ ತಿಳಿಯುವುದು?

ಆ ತುದಿ ಈ ತುದಿಗೆ ಕಾಣಬೇಕು. ರಾತ್ರಿ ಒಬ್ಬರು ಆಚೆ ಬ್ಯಾಟರಿ ಬಿಡಲಿ, ನೀವು ಈಚೆಯಿಂದ ನೋಡಿ. ಹಗಲಾದರೆ ಬಿಸಿಲಿಗೆ ಕನ್ನಡಿ ಹಿಡಿಯುವುದು ಇನ್ನೂ ಸಲೀಸು. ಮಿಂಚು ಕಂಡರೆ ಅರ್ಧ ಕೆಲಸ ಆಯಿತು.

ಅರ್ಧ ಮಾತ್ರ ಯಾಕೆಂದರೆ, ರೇಡಿಯೊ ತರಂಗ ನೂಲಿನ ಹಾಗೆ ತೆಳ್ಳಗೆ ಹೋಗುವುದಿಲ್ಲ. ಮಧ್ಯದಲ್ಲಿ ಉಬ್ಬಿದ ಸೌತೆಕಾಯಿ ಆಕಾರದ ಜಾಗ ಅದಕ್ಕೆ ಬೇಕು. ಇದಕ್ಕೆ ಫ್ರೆನೆಲ್ ವಲಯ ಅನ್ನುತ್ತಾರೆ. 5 ಕಿಲೋಮೀಟರ್ ಲಿಂಕ್‌ಗೆ 5.8 ಗಿಗಾಹರ್ಟ್ಸ್‌ನಲ್ಲಿ ನಟ್ಟನಡುವೆ ಇದರ ತ್ರಿಜ್ಯ ಸುಮಾರು 8 ಮೀಟರ್. ಅದರಲ್ಲಿ ಕಡಿಮೆಯೆಂದರೂ 60 ಪರ್ಸೆಂಟ್, ಅಂದರೆ ಸುಮಾರು 5 ಮೀಟರ್ ಖಾಲಿ ಇರಬೇಕು. ಹಾಗಾಗಿ ಕಣ್ಣಿಗೆ ಕಂಡರೂ, ದಾರಿಯ ಮಧ್ಯದ ಮರದ ತುದಿ ನೋಟದ ಗೆರೆಗಿಂತ ಒಂದೇ ಮೀಟರ್ ಕೆಳಗಿದ್ದರೆ ಲಿಂಕ್ ಸೊರಗುತ್ತದೆ. 3 ಕಿಲೋಮೀಟರ್‌ಗೆ ಇದೇ ತ್ರಿಜ್ಯ ಸುಮಾರು 6 ಮೀಟರ್.

ಇನ್ನೊಂದು ಮಾತು. ಈ ನೋಟ ಮಾರ್ಚ್‌ನಲ್ಲಿ ನೋಡಿ ಖುಷಿಪಡಬೇಡಿ. ಎಲೆ ಉದುರುವ ಮರಗಳು ಆಗ ಬೋಳಾಗಿರುತ್ತವೆ. ಜೂನ್ ಹೊತ್ತಿಗೆ ಅದೇ ಮರ ಗೋಡೆಯಾಗಿ ನಿಂತಿರುತ್ತದೆ.

ಅಡಿಕೆ ತೋಟದ ಒಳಗಿನಿಂದ ಹಾಯುತ್ತದಾ?

ಇಲ್ಲ. ಎಲೆಯೆಂದರೆ ನೀರು ತುಂಬಿದ ಚೀಲ. ಒಂದು ದಟ್ಟ ಮರವೇ 10 ಡೆಸಿಬೆಲ್‌ಗೂ ಜಾಸ್ತಿ ತಿನ್ನಬಹುದು, ಅಂದರೆ ಸಿಗ್ನಲ್ ಹತ್ತನೇ ಒಂದು ಪಾಲಿಗೆ ಇಳಿಯಿತು. ಸಾಲು ಅಡಿಕೆ ಮರ, ಅದಕ್ಕೆ ಹಬ್ಬಿದ ಕಾಳುಮೆಣಸು, ಕೆಳಗೆ ಬಾಳೆ ಇದ್ದರೆ ಕೇಳುವುದೇ ಬೇಡ. ತೋಟದ ಮೇಲಿನಿಂದ ಹಾಯಿಸಬೇಕು, ಇಲ್ಲವೇ ಗುಡ್ಡದ ಅಂಚಿನಲ್ಲಿ ನಡುವೆ ಒಂದು ರಿಲೇ (ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ರೇಡಿಯೊ) ಇಡಬೇಕು.

ತೋಟದಲ್ಲಿ ಪಂಪ್ ಆನ್ ಆಗಿದೆಯಾ, ಮಣ್ಣಿನ ತೇವ ಎಷ್ಟು ಎಂಬಷ್ಟೇ ತಿಳಿಯಬೇಕಿದ್ದರೆ ಬೇರೆ ದಾರಿ ಇದೆ. 865 ಮೆಗಾಹರ್ಟ್ಸ್ ಸುತ್ತ ಕೆಲಸ ಮಾಡುವ ಲೋರಾ ರೇಡಿಯೊಗಳು ಎಲೆಯನ್ನು ಇದಕ್ಕಿಂತ ಚೆನ್ನಾಗಿ ದಾಟುತ್ತವೆ. ಆದರೆ ಅದರಲ್ಲಿ ನಾಲ್ಕು ಅಂಕಿ ಕಳಿಸಬಹುದು, ವಿಡಿಯೊ ನೋಡಲಿಕ್ಕೆ ಆಗುವುದಿಲ್ಲ.

ಆಂಟೆನಾವನ್ನು ಅಡಿಕೆ ಮರಕ್ಕೇ ಕಟ್ಟಿದರೆ ಆಗದಾ? ಎತ್ತರ ಸುಮ್ನೆ ಸಿಗುತ್ತದೆ.

ನಾನೂ ಒಮ್ಮೆ ಹಾಗೇ ಅಂದುಕೊಂಡಿದ್ದೆ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಹತ್ತಿರ ಹತ್ತಿಸಿ ಕಟ್ಟಿಸಿದೆ. ಆತ ಇಳಿದು ಬಂದು ಮೇಲೆ ನೋಡುತ್ತಾ, "ಹೆಗಡೇರೆ, ಮರ ಗಾಳಿಗೆ ತೂಗ್ತದೆ, ನಿಮ್ಮ ಡಬ್ಬಿ ಎಂತ ಮಾಡ್ತದೆ?" ಅಂದ. ಡಬ್ಬಿಯೂ ತೂಗಿತು. ಬೆಳಿಗ್ಗೆ ಒಳ್ಳೆಯ ಸಿಗ್ನಲ್, ಸಂಜೆ ಗಾಳಿ ಎದ್ದಾಗ ಲಿಂಕ್ ಬಿಟ್ಟು ಬಿಟ್ಟು ಹಿಡಿಯುವುದು. ಎಂಟು ದಿನಕ್ಕೆ ಬಿಚ್ಚಿದೆ. ಮರ ಬೆಳೆಯುತ್ತದೆ ಕೂಡ.

ಗೋಡೆಗೆ ಕ್ಲ್ಯಾಂಪ್ ಹಾಕಿದ ಜಿಐ ಪೈಪ್ ಒಳ್ಳೆಯದು. ಒಂದೂವರೆ ಇಂಚು, ಹಾಟ್ ಡಿಪ್ (ಕರಗಿದ ಸತುವಿನಲ್ಲಿ ಅದ್ದಿ ತೆಗೆದದ್ದು) ಮಾಡಿದ್ದು. ಗೋಡೆಯಿಂದ ಮೇಲೆ 3 ಮೀಟರ್ ದಾಟಿದರೆ ಮೂರು ಕಡೆಯಿಂದ ತಂತಿ ಎಳೆದು ಬಿಗಿಯಬೇಕು. ಹಂಚಿನ ಮಾಡಿನ ಪಕಾಸಿಗೆ ಮಾತ್ರ ಕಟ್ಟಬೇಡಿ, ಗಾಳಿಗೆ ಪೈಪ್ ಜಗ್ಗಿದಾಗ ಹಂಚು ಸರಿದು ಮನೆಯೊಳಗೆ ಸೋರುತ್ತದೆ. ಇನ್ನು ಸೊಪ್ಪಿನ ಬೆಟ್ಟದಲ್ಲಿ ಕಂಬ ಹುಗಿಯುವ, ಅಡ್ಡ ಬಂದ ಮರ ಕಡಿಯುವ ಯೋಚನೆ ಇದ್ದರೆ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿ. ಸೊಪ್ಪು ತರುವ ಹಕ್ಕು ಬೇರೆ, ಕಂಬ ನಿಲ್ಲಿಸುವುದು ಬೇರೆ.

ಹೊಳೆ ದಾಟಿಸಬೇಕು. ಮಧ್ಯೆ ಮರವೂ ಇಲ್ಲ, ಗುಡ್ಡವೂ ಇಲ್ಲ. ಸುಲಭ ಅಲ್ವಾ?

ನೋಡಲಿಕ್ಕೆ ಸುಲಭ. ಸದಾಶಿವಗಡದಿಂದ ಕಾಳಿಯಾಚೆ ಕಾರವಾರಕ್ಕೆ, ತದಡಿಯಿಂದ ಅಘನಾಶಿನಿಗೆ, ಹೊನ್ನಾವರದಲ್ಲಿ ಶರಾವತಿಯ ಆ ದಡಕ್ಕೆ, ಎಲ್ಲಾ ಕಣ್ಣೆದುರೇ ಕಾಣುತ್ತದೆ. ಶರಾವತಿಯ ಮೇಲಿನ ಕೊಂಕಣ ರೈಲ್ವೆ ಸೇತುವೆಯೇ 2 ಕಿಲೋಮೀಟರ್‌ಗೆ ಮಿಕ್ಕಿ ಉದ್ದ ಇದೆ. ಅಷ್ಟಗಲ ನೀರು ಕನ್ನಡಿಯ ಹಾಗೆ ಕೆಲಸ ಮಾಡುತ್ತದೆ. ನೇರ ಬಂದ ತರಂಗ ಒಂದು, ನೀರಿಗೆ ಬಡಿದು ಬಂದದ್ದು ಇನ್ನೊಂದು. ಎರಡೂ ಒಟ್ಟಿಗೆ ಸೇರಿದರೆ ಸಿಗ್ನಲ್ ಜೋರು. ಒಂದು ಏರುವಾಗ ಇನ್ನೊಂದು ಇಳಿದರೆ ಎರಡೂ ಸೇರಿ ಸೊನ್ನೆ.

ಗಮ್ಮತ್ತು ಎಂದರೆ, ಭರತ ಇಳಿತದ ಜೊತೆ ನೀರಿನ ಮಟ್ಟ ಬದಲಾಗುತ್ತದೆ, ಅದರ ಜೊತೆ ಈ ಲೆಕ್ಕವೂ ಬದಲಾಗುತ್ತದೆ. ದಿನಕ್ಕೆ ಎರಡು ಸಲ ಲಿಂಕ್ ಬಿದ್ದು, ಮರುದಿನ ಅದೇ ಹೊತ್ತು ಮುಕ್ಕಾಲು ಗಂಟೆ ಮುಂದಕ್ಕೆ ಹೋಗುತ್ತಿದ್ದರೆ ರೇಡಿಯೊ ಕೆಟ್ಟಿಲ್ಲ. ಸಮುದ್ರ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿದೆ ಅಷ್ಟೆ. ಕಂಪನಿಗೆ ಫೋನ್ ಮಾಡಿ ಬೈಯುವ ಮುಂಚೆ ಮೀನುಗಾರರ ಹತ್ತಿರ ಭರತ ಯಾವಾಗ ಅಂತ ಕೇಳಿ.

ಉಪಾಯ: ಒಂದು ತುದಿಯನ್ನು ಎತ್ತರದಲ್ಲಿ, ಇನ್ನೊಂದನ್ನು ತಗ್ಗಿನಲ್ಲಿ ಇಡಿ. ಆಗ ತರಂಗ ನೀರಿಗೆ ಬಡಿಯುವ ಜಾಗ ತಗ್ಗಿನ ದಡದ ಹತ್ತಿರ ಸರಿಯುತ್ತದೆ. ಅಲ್ಲಿ ಕಾಂಡ್ಲಾ ಗಿಡವೋ ಪಾಗಾರವೋ ಇದ್ದರೆ ಅದೇ ಆ ಎರಡನೇ ತರಂಗವನ್ನು ತಡೆಯುತ್ತದೆ. ಆಗದಿದ್ದರೆ ಆಂಟೆನಾವನ್ನು ಅರ್ಧ ಅರ್ಧ ಮೀಟರ್ ಏರಿಸಿ ಇಳಿಸಿ ನೋಡಿ. ಒಂದು ಪೂರ್ತಿ ಭರತ, ಒಂದು ಪೂರ್ತಿ ಇಳಿತ ನೋಡದೆ ಬೋಲ್ಟ್ ಬಿಗಿದು ಮನೆಗೆ ಹೋಗಬೇಡಿ.

ಲೈಸೆನ್ಸ್ ಬೇಕಾ?

ತರಂಗಕ್ಕೆ ಬೇಡ, ಮಿತಿಯೊಳಗಿದ್ದರೆ. 2018ರಲ್ಲಿ ಕೇಂದ್ರ ಸರ್ಕಾರ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನು ಲೈಸೆನ್ಸ್‌ನಿಂದ ಹೊರಗಿಟ್ಟಿತು. ಹೊರಾಂಗಣಕ್ಕೆ ಜಾಸ್ತಿ ಬಳಸುವುದು 5725ರಿಂದ 5875 ಮೆಗಾಹರ್ಟ್ಸ್. ಅಲ್ಲಿ ರೇಡಿಯೊದ ಶಕ್ತಿ (ಡಿಬಿಎಂನಲ್ಲಿ ಅಳೆಯುತ್ತಾರೆ) ಮತ್ತು ಆಂಟೆನಾದ ಗೇನ್, ಅಂದರೆ ಶಕ್ತಿಯನ್ನು ಒಂದೇ ಕಡೆ ಕೂಡಿಸುವ ಬಲ (ಡಿಬಿಐನಲ್ಲಿ ಅಳೆಯುತ್ತಾರೆ), ಎರಡೂ ಸೇರಿ 36 ಡಿಬಿಎಂ, ಅಂದರೆ 4 ವ್ಯಾಟ್ ದಾಟಬಾರದು. ನಿಮ್ಮ ಡಿಶ್ 23 ಡಿಬಿಐ ಆದರೆ ರೇಡಿಯೊವನ್ನು 13 ಡಿಬಿಎಂಗೆ ಇಳಿಸಬೇಕು. ಸೆಟ್ಟಿಂಗ್‌ನಲ್ಲಿ ದೇಶ ಭಾರತ ಅಂತ ಇಟ್ಟು, ಆಂಟೆನಾದ ಗೇನ್ ಸರಿಯಾಗಿ ತುಂಬಿ. ಬೇರೆ ದೇಶದ ಹೆಸರು ಹಾಕಿ ಪವರ್ ಏರಿಸುವ ಚಾಳಿ ಬೇಡ. ಅದರ ಅಗತ್ಯವೂ ಇಲ್ಲ: 13 ಡಿಬಿಎಂ, ಎರಡೂ ಕಡೆ 23ರ ಡಿಶ್, 5 ಕಿಲೋಮೀಟರ್ ದೂರ ಇದ್ದರೆ ಲೆಕ್ಕಕ್ಕೆ ಆ ತುದಿಯಲ್ಲಿ ಸುಮಾರು ಮೈನಸ್ 63 ಡಿಬಿಎಂ ಸಿಗ್ನಲ್ ಸಿಗುತ್ತದೆ. ಅಷ್ಟು ಧಾರಾಳ ಸಾಕು.

ಕೊಳ್ಳುವಾಗ ಆ ಮಾದರಿಗೆ ಇಲ್ಲಿನ ಇಟಿಎ, ಅಂದರೆ ರೇಡಿಯೊ ಉಪಕರಣಗಳಿಗೆ ಕೇಂದ್ರ ಸರ್ಕಾರದ ಅನುಮೋದನೆ ಇದೆಯಾ ಅಂತ ನೋಡಿ.

ಕಾರವಾರದವರಿಗೆ ಒಂದು ಮಾತು. 5250ರಿಂದ 5725ರ ನಡುವಿನ ಚಾನೆಲ್‌ಗಳಲ್ಲಿ ರೇಡಾರ್‌ಗಳಿಗೂ ಜಾಗ ಇದೆ. ಇಲ್ಲಿ ಡಿಎಫ್‌ಎಸ್ ಇರುವ ರೇಡಿಯೊ ಮೊದಲು ಒಂದು ನಿಮಿಷ ಕಿವಿಗೊಟ್ಟು ಕೇಳುತ್ತದೆ, ರೇಡಾರ್ ಕೇಳಿಸಿದರೆ ಆ ಚಾನೆಲ್ ಬಿಟ್ಟು ಅರ್ಧ ಗಂಟೆ ಅತ್ತ ಸುಳಿಯುವುದಿಲ್ಲ. ಪಕ್ಕದಲ್ಲೇ ನೌಕಾನೆಲೆ ಇರುವ ಊರಿನಲ್ಲಿ ಇದನ್ನು ಆಫ್ ಮಾಡುವ ದಾರಿ ಹುಡುಕಬೇಡಿ. ಬೇರೆ ಚಾನೆಲ್ ಆರಿಸಿಕೊಳ್ಳಿ.

ಪಕ್ಕದ ನಾಲ್ಕು ಮನೆಗೂ ಕೊಟ್ಟು ದುಡ್ಡು ತಗೊಳ್ಳಬಹುದಾ?

ನಿಮ್ಮದೇ ಮನೆಯಿಂದ ನಿಮ್ಮದೇ ತೋಟದ ಮನೆಗೆ ಎಳೆಯುವುದು ಒಂದು. ಇಂಟರ್ನೆಟ್ ಮಾರುವುದು ಇನ್ನೊಂದು, ಅದಕ್ಕೆ ಐಎಸ್‌ಪಿ (ಇಂಟರ್ನೆಟ್ ಸೇವೆ ಕೊಡುವವರ) ಲೈಸೆನ್ಸ್ ಬೇಕು. ಕೇಂದ್ರ ಸರ್ಕಾರದ ಸಾರ್ವಜನಿಕ ವೈಫೈ ಯೋಜನೆಯಾದ ಪಿಎಂ-ವಾಣಿಯಲ್ಲಿ ಅಂಗಡಿಯವರೂ ಲೈಸೆನ್ಸ್ ಇಲ್ಲದೆ ವೈಫೈ ಕೊಡಬಹುದು, ಆದರೆ ಅದಕ್ಕೆ ಅದರದೇ ವ್ಯವಸ್ಥೆಯೊಳಗೆ ಸೇರಬೇಕು.

ಮಾಡು ಹತ್ತುವ ಮುಂಚೆ ಏನು ನೋಡಬೇಕು?

ಮೊದಲು ತಲೆ ಎತ್ತಿ ಕರೆಂಟ್ ತಂತಿ ಎಲ್ಲಿದೆ ನೋಡಿ. ಅಡಿಕೆ ಕೊಯ್ಯುವ ಉದ್ದ ದೋಟಿ ಲೈನ್‌ಗೆ ತಾಗಿ ಜೀವ ಹೋದ ಸುದ್ದಿ ನಮ್ಮ ಕಡೆ ಹೊಸದಲ್ಲ. 6 ಮೀಟರ್ ಜಿಐ ಪೈಪ್ ಎತ್ತಿ ನಿಲ್ಲಿಸುವುದೂ ಅದೇ ಅಪಾಯ. ನಾನು ಇಟ್ಟುಕೊಂಡ ಲೆಕ್ಕ ಇಷ್ಟು: ಪೈಪ್ ಬುಡದಿಂದ ಮುರಿದು ಯಾವ ದಿಕ್ಕಿಗೆ ಬಿದ್ದರೂ ತಂತಿಗೆ ತಾಗಬಾರದು. ಅಂದರೆ ತಂತಿ ಪೈಪಿನ ಉದ್ದಕ್ಕಿಂತ ಇನ್ನೂ ಎರಡು ಮೀಟರ್ ಜಾಸ್ತಿ ದೂರ ಇರಬೇಕು. 11 ಕೆವಿ ಲೈನ್‌ಗೆ ಪೈಪ್ ತಾಗಲೇಬೇಕು ಅಂತಿಲ್ಲ, ಹತ್ತಿರ ಹೋದರೂ ಕರೆಂಟ್ ಹಾರಬಹುದು. ಜಾಗ ಬೇರೆ ಇಲ್ಲದಿದ್ದರೆ ಹೆಸ್ಕಾಂನವರಿಗೆ ಹೇಳಿ ಲೈನ್ ಬಂದ್ ಮಾಡಿಸಿ. ಫ್ಯೂಸ್ ತೆಗೆದುಕೊಡುತ್ತೇನೆ ಎನ್ನುವ ಪಕ್ಕದ ಮನೆಯ ಧೈರ್ಯವಂತರನ್ನು ನಂಬಬೇಡಿ.

ಎರಡನೆಯದು ಹಾವಸೆ. ಮಳೆಗಾಲ ಮುಗಿದ ಮೇಲೂ ಉತ್ತರದ ಕಡೆಯ ಮಾಡಿನ ಮೇಲೆ ಅದು ಇರುತ್ತದೆ. ಒಣಗಿದ ಹಾಗೆ ಕಂಡು ಕಾಲಿಟ್ಟ ಕೂಡಲೇ ಜಾರುತ್ತದೆ. ಸೊಂಟಕ್ಕೆ ಸುತ್ತಿದ ಹಗ್ಗ ಬೀಳುವಾಗ ಉಳಿಸುವುದಿಲ್ಲ, ಸೊಂಟ ಮುರಿಯುತ್ತದೆ. ಪೂರ್ತಿ ಮೈಗೆ ಹಾಕುವ ಸೇಫ್ಟಿ ಬೆಲ್ಟ್ ತಗೊಳ್ಳಿ. ಕೆಳಗೆ ಒಬ್ಬರು ಇರಲೇಬೇಕು. ಆದರೆ ಏಣಿಯ ನೇರ ಕೆಳಗೆ ಅಲ್ಲ, ಮೇಲಿಂದ ಸ್ಪ್ಯಾನರ್ ಬೀಳುತ್ತದೆ. ಗಾಳಿ ಇದ್ದರೆ ಆ ದಿನ ಚಾ ಕುಡಿದು ವಾಪಸ್ ಹೋಗಿ.

ಕೇಬಲ್ ಯಾವುದು? ಅಂಗಡಿಯಲ್ಲಿ ಬೂದು ಬಣ್ಣದ್ದು ಅಗ್ಗಕ್ಕೆ ಸಿಗುತ್ತದೆ.

ರೇಡಿಯೊದಿಂದ ಕೆಳಗಿನ ಅಡಾಪ್ಟರ್‌ಗೆ ಬರುವ ಈ ಒಂದೇ ಕೇಬಲ್‌ನಲ್ಲಿ ಡೇಟಾವೂ ಕರೆಂಟೂ ಹೋಗುತ್ತವೆ. ಬೂದು ಬಣ್ಣದ್ದು ಮನೆಯೊಳಗಿನದು. ನಾಲ್ಕು ಬೇಸಿಗೆ ದಾಟುವ ಹೊತ್ತಿಗೆ ಸಿಪ್ಪೆ ಒಡೆಯುತ್ತದೆ. ಹೊರಗಿನದು ಕಪ್ಪು ಬಣ್ಣದ್ದು, ಒಳಗೆ ಫಾಯಿಲ್ ಸುತ್ತಿರುವುದು, ಪೂರ್ತಿ ತಾಮ್ರದ್ದೇ ಆಗಬೇಕು. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ್ದು ಬೇಡ. ಚಾಕುವಿನಿಂದ ತಂತಿಯನ್ನು ಸ್ವಲ್ಪ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ವಾಪಸ್ ಕೊಡಿ. ಉದ್ದ 100 ಮೀಟರ್ ಮೀರಬಾರದು.

ನಾನು ಕಲಿತದ್ದು ಹೀಗೆ. ಮೊದಲ ವರ್ಷದ ಒಂದು ಲಿಂಕ್ ಆಗಸ್ಟ್‌ನಲ್ಲಿ ಸತ್ತಿತು. ರೇಡಿಯೊ ಬಿಚ್ಚಿ ನೋಡಿದರೆ ಒಣಗಿದೆ. ಕೆಳಗೆ ಬಂದು ಕಪಾಟಿನ ಮೇಲಿದ್ದ ಅಡಾಪ್ಟರ್ ಎತ್ತಿದೆ, ಕೈಗೆ ನೀರು ಸುರಿಯಿತು. ಮೇಲೆ ಕಂಬದ ಹತ್ತಿರ ಮಂಗ ಕಚ್ಚಿದ ಎರಡು ಹಲ್ಲಿನ ತೂತು. ಅಲ್ಲಿಂದ ಹೊಕ್ಕ ನೀರು ಕೇಬಲ್ ಒಳಗೇ 30 ಮೀಟರ್ ಇಳಿದು ಬಂದಿತ್ತು. ಪ್ಲಗ್ಗಿನ ಪಿನ್‌ಗಳ ಮೇಲೆ ಹಸಿರು ಕಿಲುಬು, ದೇವರ ಕೋಣೆಯ ಹಳೇ ತಂಬಿಗೆಯ ಮೇಲಿರುತ್ತದಲ್ಲ, ಹಾಗೆ. ಆ ಮೇಲೆ ಕಂಬದ ಮೇಲಿನ ಕೇಬಲ್ ಎಲ್ಲಾ ಪೈಪಿನೊಳಗೆ. ಗೋಡೆಗೆ ಹೊಗುವ ಮುಂಚೆ ಕೇಬಲ್‌ಗೆ ಕೆಳಮುಖವಾಗಿ ತೊಟ್ಟಿಲಿನ ಹಾಗೆ ಒಂದು ಬಾಗು ಬಿಡಬೇಕು, ನೀರು ಅಲ್ಲೇ ತೊಟ್ಟಿಕ್ಕುತ್ತದೆ. ರೇಡಿಯೊದ ಬಾಯಿ ಕೆಳಮುಖವೇ ಇರಬೇಕು. ಅದರ ಮುಚ್ಚಳವನ್ನು ಕಿಟ್ ಅಂತ ಸದ್ದು ಬರುವ ತನಕ ಪೂರ್ತಿ ತಳ್ಳಿ.

ಅಡಾಪ್ಟರ್ ಹಾಳಾದರೆ ಬೇರೆಯದು ಹಾಕಬಹುದಾ?

ಪ್ಲಗ್ ಒಂದೇ ಥರ ಇದೆ ಅಂತ ಹಾಕಬೇಡಿ. ಕೆಲವು ರೇಡಿಯೊ 24 ವೋಲ್ಟ್ ಕೇಳುತ್ತವೆ, ಕೆಲವು 48. 24ರ ಪ್ಯಾಸಿವ್ ಅಡಾಪ್ಟರ್ ಎದುರಿಗೆ ಯಾರಿದ್ದಾರೆ ಅಂತ ಕೇಳುವುದಿಲ್ಲ, ಸುಮ್ನೆ ಕರೆಂಟ್ ಬಿಡುತ್ತದೆ. ತಪ್ಪಿ ಆ ವೈರನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿದರೆ ಪೋರ್ಟ್ ಸುಡಬಹುದು. ಅಡಾಪ್ಟರ್ ಮೇಲೆ ದಪ್ಪ ಅಕ್ಷರದಲ್ಲಿ ವೋಲ್ಟೇಜ್ ಬರೆದು ಅಂಟಿಸಿಡಿ.

ಸಿಡಿಲಿಗೆ ಏನು ಮಾಡುವುದು?

ನಮ್ಮಲ್ಲಿ ಜೋರು ಸಿಡಿಲು ಇರುವುದು ಜೂನ್-ಜುಲೈನ ಜಡಿಮಳೆಯಲ್ಲಲ್ಲ. ಏಪ್ರಿಲ್-ಮೇ ಸಂಜೆಯ ಗುಡುಗುಮಳೆಯಲ್ಲಿ, ಮತ್ತೆ ಅಕ್ಟೋಬರ್ ಸುತ್ತಮುತ್ತ. ನೇರ ಬಡಿದರೆ ಯಾವ ಯಂತ್ರವೂ ಉಳಿಯದು. ಆದರೆ ಹೆಚ್ಚಿನ ರೇಡಿಯೊಗಳು ಸಾಯುವುದು ಅರ್ಧ ಫರ್ಲಾಂಗ್ ದೂರದಲ್ಲಿ ಬಿದ್ದ ಸಿಡಿಲಿಗೆ. ಆ ಹೊಡೆತ ಕೇಬಲ್‌ನಲ್ಲಿ ಹುಟ್ಟಿಸುವ ವೋಲ್ಟೇಜೇ ಸಾಕು. ಅದನ್ನು ತಡೆಯಬಹುದು.

ಕೇಬಲ್‌ಗೆ ಎರಡು ಸರ್ಜ್ ಪ್ರೊಟೆಕ್ಟರ್ (ಮಿತಿಮೀರಿದ ವೋಲ್ಟೇಜನ್ನು ಅರ್ಥ್‌ಗೆ ಇಳಿಸುವ ಸಾಧನ) ಬೇಕು, ಒಂದು ರೇಡಿಯೊ ಹತ್ತಿರ, ಇನ್ನೊಂದು ಮನೆಯೊಳಗೆ ಹೊಗುವಲ್ಲಿ. ಎರಡನ್ನೂ, ಕಂಬವನ್ನೂ ದಪ್ಪ ತಾಮ್ರದ ತಂತಿಯಿಂದ ಅರ್ಥ್‌ಗೆ ಸೇರಿಸಿ. ತಂತಿ ನೇರ ಇಳಿಯಲಿ, ಸುರುಳಿ ಬೇಡ, ಚೂಪು ತಿರುವು ಬೇಡ. ಕಂಬಕ್ಕೆ ಬೇರೆ ಅರ್ಥ್ ಗುಂಡಿ ತೋಡಿದರೆ ಅದನ್ನು ಮನೆಯ ಅರ್ಥ್ ಜೊತೆ ಜೋಡಿಸಲೇಬೇಕು. ಇಲ್ಲವಾದರೆ ಸಿಡಿಲು ಬಿದ್ದಾಗ ಎರಡು ಗುಂಡಿಗಳ ನಡುವಿನ ವ್ಯತ್ಯಾಸವೆಲ್ಲ ನಿಮ್ಮ ರೂಟರ್ ಮೂಲಕವೇ ಹರಿಯುತ್ತದೆ.

ಇಲ್ಲೊಂದು ಪಜೀತಿ. ಸಿಡಿಲು ಜಾಸ್ತಿ ಇರುವ ಏಪ್ರಿಲ್‌ನಲ್ಲೇ ನಮ್ಮ ಚಿರೇಕಲ್ಲಿನ ನೆಲ ಒಣಗಿ ಇಟ್ಟಿಗೆ ಆಗಿರುತ್ತದೆ. ಒಣ ನೆಲಕ್ಕೆ ಕರೆಂಟ್ ಇಳಿಯುವುದಿಲ್ಲ. ಶಿವರಾತ್ರಿ ಕಳೆದ ಮೇಲೆ ವಾರಕ್ಕೊಮ್ಮೆ ಅರ್ಥ್ ಗುಂಡಿಗೆ ಎರಡು ಕೊಡ ನೀರು ಹಾಕಿ.

ಮಿಂಚಿಗೂ ಗುಡುಗಿಗೂ ನಡುವೆ 30 ಎಣಿಸುವುದರೊಳಗೆ ಸದ್ದು ಬಂದರೆ ಸಿಡಿಲು ಸುಮಾರು 10 ಕಿಲೋಮೀಟರ್ ಒಳಗಿದೆ. ಆಗ ಮಾಡಿನ ಮೇಲೆ ಇರಬಾರದು, ಕೇಬಲ್ ಮುಟ್ಟಲೂಬಾರದು. ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಬಿಟ್ಟು ಹೊರಡಿ. ಅಡಾಪ್ಟರ್‌ನ ಪ್ಲಗ್, ರೂಟರ್‌ಗೆ ಹೋಗುವ ವೈರ್ ಎರಡನ್ನೂ ಮೋಡ ಕಟ್ಟುವ ಮುಂಚೆಯೇ ಕಿತ್ತಿಡಿ. ಬರೀ ಸ್ವಿಚ್ ಆಫ್ ಮಾಡುವುದರಿಂದ ಉಪಯೋಗ ಇಲ್ಲ. ನಮ್ಮ ಮನೆಯಲ್ಲಿ ಇದು ಆಯಿಯ ಕೆಲಸ. ಹಪ್ಪಳ ಒಳಗೆ ತಂದ ಮೇಲೆ ಪ್ಲಗ್ ಕೀಳುತ್ತಾಳೆ, ಇಲ್ಲಿಯ ತನಕ ಒಮ್ಮೆಯೂ ಮರೆತಿಲ್ಲ.

ದಿಕ್ಕು ಹಿಡಿಸುವುದು ಹೇಗೆ?

ಇಬ್ಬರು ಬೇಕು, ಎರಡು ತುದಿಯಲ್ಲೂ ಒಬ್ಬೊಬ್ಬರು. ಒಬ್ಬರು ಅಲುಗಾಡಿಸುವಾಗ ಇನ್ನೊಬ್ಬರು ಮುಟ್ಟಬಾರದು. ಮೊದಲು ಎಡ-ಬಲ, ಆಮೇಲೆ ಮೇಲೆ-ಕೆಳಗೆ. ಒಂದು ಡಿಗ್ರಿ ತಿರುಗಿಸಿ, ಐದು ಸೆಕೆಂಡ್ ಕಾಯಿರಿ, ಅಂಕಿ ನೋಡಿ. ಮೈನಸ್ 60 ಅಂದರೆ ಮೈನಸ್ 75ಕ್ಕಿಂತ ಒಳ್ಳೆಯದು, ಇದರಲ್ಲಿ ಎಲ್ಲರೂ ಒಮ್ಮೆ ಎಡವುತ್ತಾರೆ.

ಮೋಸ ಆಗುವುದು ಎಲ್ಲಿ ಅಂದರೆ, ಡಿಶ್‌ಗೆ ಮುಖ್ಯ ಕಿರಣದ ಪಕ್ಕದಲ್ಲಿ ಸಣ್ಣ ಕಿರಣಗಳೂ ಇರುತ್ತವೆ. ಅದರಲ್ಲೊಂದು ಸಿಕ್ಕಿದರೆ ಸಿಗ್ನಲ್ ಏರಿ ಇಳಿಯುತ್ತದೆ, ಇದೇ ಸರಿ ಅಂತ ಬಿಗಿದುಬಿಡುತ್ತೇವೆ. ಹಾಗಾಗಿ ಮೊದಲು ಡಿಶ್ಶನ್ನು ಎರಡೂ ಕಡೆ ದೊಡ್ಡದಾಗಿ ಬೀಸಿ ಸಿಗ್ನಲ್ ಎಲ್ಲೆಲ್ಲಿ ಏರುತ್ತದೆ ನೋಡಿ, ಆಮೇಲೆ ಅತಿ ಜಾಸ್ತಿ ಏರಿದ ಕಡೆಗೆ ವಾಪಸ್ ಬನ್ನಿ. ಲೆಕ್ಕಕ್ಕೆ ಮೈನಸ್ 63 ಬರಬೇಕಾದಲ್ಲಿ 82 ಬರುತ್ತಿದ್ದರೆ ನೀವು ಪಕ್ಕದ ಕಿರಣದಲ್ಲಿದ್ದೀರಿ.

ಘಟ್ಟದಲ್ಲಿ ಮೇಲೆ-ಕೆಳಗಿನ ಓರೆಯನ್ನು ಮರೆಯಬೇಡಿ. 2 ಕಿಲೋಮೀಟರ್ ದೂರಕ್ಕೆ 150 ಮೀಟರ್ ಇಳಿತ ಇದ್ದರೆ ಡಿಶ್ 4 ಡಿಗ್ರಿಗೂ ಮಿಕ್ಕಿ ಬಗ್ಗಬೇಕು.

ಮನೆಯಲ್ಲಿ ಸಣ್ಣ ಮಗು ಇದೆ. ವಿಕಿರಣದ ಭಯ ಇಲ್ಲವಾ?

4 ವ್ಯಾಟ್‌ನ ಪೂರ್ತಿ ಮಿತಿಯಲ್ಲಿ ಓಡಿಸಿದರೂ ಆಂಟೆನಾದ ನೇರ ಎದುರು, ಒಂದು ಮೀಟರ್ ದೂರದಲ್ಲಿ ಬೀಳುವುದು ಚದರ ಮೀಟರ್‌ಗೆ ಸುಮಾರು 0.32 ವ್ಯಾಟ್. ಭಾರತದಲ್ಲಿ ಮೊಬೈಲ್ ಟವರ್‌ಗಳಿಗೆ 2012ರಿಂದ ಇರುವ ಮಿತಿ ಈ ತರಂಗಾಂತರಕ್ಕೆ ಚದರ ಮೀಟರ್‌ಗೆ 1 ವ್ಯಾಟ್, ಅದು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಪಾಲು. ದೂರ ಎರಡರಷ್ಟಾದರೆ ಬೀಳುವುದು ಕಾಲು ಪಾಲು. ಕಂಬದ ಮೇಲಿದ್ದರೆ ಅಂಗಳದಲ್ಲಿ ಆಡುವ ಮಗುವಿಗೆ ಚಿಂತೆ ಇಲ್ಲ. ಆದರೆ ಡಿಶ್‌ಗೆ ಮುಖ ಒಡ್ಡಿಕೊಂಡು ನಟ್ಟು ಬಿಗಿಯುವುದು ಬೇಡ. ಹಿಂದಿನಿಂದ ಕೆಲಸ ಮಾಡಿ, ಎದುರು ಹೋಗಬೇಕಾದರೆ ಪ್ಲಗ್ ಕಿತ್ತು ಹೋಗಿ.

ಕುಮಟಾ, ಗೋಕರ್ಣ ಕಡೆ ಒಂದೇ ವರ್ಷಕ್ಕೆ ಬೋಲ್ಟ್ ತುಕ್ಕು ಹಿಡಿಯುತ್ತದಲ್ಲ?

ಉಪ್ಪುಗಾಳಿ. ಪೆಟ್ಟಿಗೆಯಲ್ಲಿ ಬರುವ ಕ್ಲ್ಯಾಂಪ್ ಎಸೆದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಹಾಕಿ, 304 ಸಮುದ್ರದ ಬದಿಗೆ ಸಾಲುವುದಿಲ್ಲ. ಎಳೆಗೆ ಗ್ರೀಸ್ ಹಚ್ಚಿ. ಹೊರಗಿನ ಆಂಟೆನಾ ಕನೆಕ್ಟರ್ ಇದ್ದರೆ ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಕೆಳಗಿನಿಂದ ಮೇಲಕ್ಕೆ ಸುತ್ತಿ, ಹಂಚು ಹೊದಿಸಿದ ಹಾಗೆ ನೀರು ಜಾರಿ ಹೋಗಬೇಕು. ಬರೀ ಕರೆಂಟ್ ಟೇಪ್ ಒಂದು ಮಳೆಗಾಲಕ್ಕೆ ಬಿಚ್ಚಿಕೊಳ್ಳುತ್ತದೆ.

ಮಳೆ ಬಂದಾಗ ಸ್ಪೀಡ್ ಬೀಳುತ್ತದೆ. ಮಳೆಯೇ ಕಾರಣವಾ?

ಬಹಳ ಸಲ ಅಲ್ಲ. 5 ಗಿಗಾಹರ್ಟ್ಸ್ ತರಂಗವನ್ನು ಮಳೆ ಹೆಚ್ಚು ತಿನ್ನುವುದಿಲ್ಲ, 5 ಕಿಲೋಮೀಟರ್‌ಗೆ ಒಂದೆರಡು ಡೆಸಿಬೆಲ್ ಅಷ್ಟೆ. ಅದಕ್ಕಿಂತ ಜಾಸ್ತಿ ಬಿದ್ದರೆ ದಾರಿಯಲ್ಲಿ ಒದ್ದೆ ಎಲೆ ಇದೆ, ಇಲ್ಲವೇ ಕನೆಕ್ಟರ್‌ನಲ್ಲಿ ನೀರು. ಮಳೆ ನಿಂತ ಕೂಡಲೇ ಸರಿಯಾದರೆ ಎಲೆ. ಬಿಸಿಲು ಬಿದ್ದು ಎರಡು ದಿನದ ನಂತರ ಸರಿಯಾದರೆ ಕನೆಕ್ಟರ್.

ಕರೆಂಟ್ ದಿನಗಟ್ಟಲೆ ಇರುವುದಿಲ್ಲ. ಬ್ಯಾಟರಿ ಎಷ್ಟು ಬೇಕು?

ಒಂದು ರೇಡಿಯೊಗೆ 8 ವ್ಯಾಟ್ ಹಿಡಿಯಿರಿ, ರೂಟರ್‌ಗೆ ಇನ್ನೊಂದು 8. ದಿನಕ್ಕೆ 384 ವ್ಯಾಟ್-ಅವರ್. 12 ವೋಲ್ಟಿನ 100 ಎಎಚ್ ಬ್ಯಾಟರಿಯನ್ನು ಅರ್ಧಕ್ಕೆ ಇಳಿಸಿದರೆ 600 ಸಿಗುತ್ತದೆ, ಒಂದೂವರೆ ದಿನ. ರಾತ್ರಿ ಆಫ್ ಮಾಡಿದರೆ ಇನ್ನೂ ಜಾಸ್ತಿ. ಆ ತುದಿಯ ಬ್ಯಾಟರಿ ಲೆಕ್ಕ ಮರೆಯಬೇಡಿ, ನಿಮ್ಮಲ್ಲಿ ಮಾತ್ರ ಕರೆಂಟ್ ಇದ್ದು ಪ್ರಯೋಜನ ಇಲ್ಲ.

ಪಾಸ್‌ವರ್ಡ್ ಹಾಗೇ ಬಿಡಬಹುದಾ? ಕಾಡಿನ ಮಧ್ಯೆ ಯಾರು ಬರುತ್ತಾರೆ?

ಬದಲಾಯಿಸಿ. ಬರುವವರು ಕಾಡಿನ ದಾರಿಯಲ್ಲಿ ಬರುವುದಿಲ್ಲ, ಇಂಟರ್ನೆಟ್‌ನಲ್ಲಿ ಬರುತ್ತಾರೆ. ಹೊಸದನ್ನು ಡೈರಿಯಲ್ಲಿ ಬರೆದಿಡಿ, ಮರೆತರೆ ರೀಸೆಟ್ ಬಟನ್ ಒತ್ತಲಿಕ್ಕೆ ಮತ್ತೆ ಮಾಡು ಹತ್ತಬೇಕು.

ವರ್ಷಕ್ಕೆ ಎಷ್ಟು ಸಲ ನೋಡಬೇಕು?

ಎರಡು ಸಲ. ಮೇ ಮೊದಲ ವಾರ, ಬೆಳಗ್ಗಿನ ಹೊತ್ತು, ಮೋಡ ಇಲ್ಲದಾಗ: ಬೋಲ್ಟ್, ತಂತಿ, ಟೇಪ್, ಅರ್ಥ್. ನವೆಂಬರ್‌ನಲ್ಲಿ ಹಾವಸೆ ಒಣಗಿದ ಮೇಲೆ: ಅಡ್ಡ ಬೆಳೆದ ರೆಂಬೆ, ಮುಚ್ಚಳದೊಳಗೆ ಇರುವೆ ಗೂಡು, ಅಡಾಪ್ಟರ್ ಡಬ್ಬಿಯಲ್ಲಿ ಸತ್ತ ಹಲ್ಲಿ. ಡಬ್ಬಿ ತೆರೆಯುವ ಮುಂಚೆ ಕೋಲಿನಿಂದ ಒಮ್ಮೆ ತಟ್ಟಿ. ಏಣಿಯ ತುದಿಯಲ್ಲಿ ನಿಂತಾಗ ಕಣಜದ ಗೂಡು ಸಿಕ್ಕಿದರೆ ಓಡಲಿಕ್ಕೆ ಜಾಗ ಇರುವುದಿಲ್ಲ.